ಮೊದಲೇ ಮಡಚುವ ಎಲೆ



ಗಣಿತದ ಮೇಷ್ಟರು ಇಸ್ಪೀಟಿನ ಬಗ್ಗೆ ಬರೆಯುತ್ತಿದ್ದಾರೆಂದು ಹುಬ್ಬೇರಿಸಬೇಡಿ. ಸಂಭವನೀಯತೆಯ ಪಾಠಕ್ಕೆ 52 ಎಲೆಗಳ ಕಟ್ಟನ್ನು ತಂದು ನಿಮ್ಮ ಮುಂದೆ ಹರಡಿದವನು ನಾನೇ. ಈಗಲೂ ಭಾನುವಾರದ ಮಧ್ಯಾಹ್ನ ನಾವು ಕೆಲವು ಹಳೆಯ ಸಹೋದ್ಯೋಗಿಗಳು ಹುಣಸೆಬೀಜಗಳನ್ನು ಪಣವಿಟ್ಟು ರಮ್ಮಿ ಆಡುತ್ತೇವೆ.

ಕಳೆದ ತಿಂಗಳು, ಕರೂರು ಕೈಗಾರಿಕಾ ಪ್ರದೇಶದ ಶೆಡ್ಡೊಂದರಲ್ಲಿ ಲೇತ್ ನಡೆಸುವ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹಿಂದೆ ಮೊಬೈಲ್ ರಮ್ಮಿಯಲ್ಲಿ ಹಣ ಕಳೆದುಕೊಂಡು ಹೆಂಡತಿಯ ಬಳೆಗಳನ್ನು ಅಡವಿಟ್ಟಿದ್ದವನು, ಈ ವರ್ಷವಷ್ಟೇ ಬಿಡಿಸಿಕೊಂಡನಂತೆ. ಹೊರಡುವಾಗ ಕೇಳಿದ: “ಸರ್, ಕೆಟ್ಟ ಎಲೆ ಬಂದಾಗಲೂ ಆಡಿದ್ದೇ ನನ್ನ ತಪ್ಪೇ?”

ರಮ್ಮಿ ಬಲ್ಲವರಿಗೆ ಲೆಕ್ಕ ಗೊತ್ತು. ಹದಿಮೂರು ಎಲೆ ನೋಡಿ, ಹೊಸ ಎಲೆ ಎಳೆಯುವ ಮೊದಲೇ ಮಡಚಿದರೆ (ನಮ್ಮ ಕಡೆ ಅದಕ್ಕೆ ‘ಸ್ಕೂಟ್’ ಎನ್ನುತ್ತಾರೆ) 20 ಅಂಕ ಹೋಗುತ್ತದೆ. ಒಂದು ಎಲೆ ಎಳೆದ ಮೇಲೆ ಮಡಚಿದರೆ 40. ಪೂರ್ತಿ ಸೋತರೆ 80ರವರೆಗೆ. ಇಬ್ಬರ ಆಟದಲ್ಲಿ ಗೆದ್ದರೆ ಸರಾಸರಿ 40 ಸಿಗುತ್ತದೆ, ಸೋತರೆ 50 ಹೋಗುತ್ತದೆ ಎಂದಿಟ್ಟುಕೊಳ್ಳಿ. ಮೂರು ಆಟಗಳಲ್ಲಿ ಒಂದನ್ನು ಗೆದ್ದು ಎರಡನ್ನು ಸೋತರೆ ನಷ್ಟ 60. ಮೂರು ಸಲವೂ ಮೊದಲೇ ಮಡಚಿದರೂ ನಷ್ಟ ಅದೇ 60. ಎಂದರೆ ಮೂರರಲ್ಲೊಂದನ್ನಾದರೂ ಗೆಲ್ಲಲಾಗದ ಎಲೆಯನ್ನು ಕೈಯಲ್ಲಿ ಹಿಡಿದು ಕೂರುವುದು ವ್ಯರ್ಥ. ಜೋಕರ್ ಇಲ್ಲ, ಶುದ್ಧ ಸರಣಿಯ ಸುಳಿವಿಲ್ಲ, ರಾಜ ರಾಣಿಯರು ಬಣ್ಣಕ್ಕೊಬ್ಬರಂತೆ ಬಂದಿದ್ದಾರೆ: ಅಂಥ ಕೈ ಐದರಲ್ಲಿ ಒಂದನ್ನೂ ಗೆಲ್ಲುವುದು ಅನುಮಾನ.

ಆದರೂ ಆಡುತ್ತೇವೆ, “ಒಂದು ಎಲೆ ನೋಡೋಣ” ಎಂದು. ಆ ಒಂದು ನೋಟಕ್ಕೆ ಬೆಲೆ ಇಮ್ಮಡಿಯಾಗುತ್ತದೆ. ಆಮೇಲೆ, ಹೇಗೂ 40 ಹೋಯಿತಲ್ಲ ಎಂದು 80ರವರೆಗೆ ಕೂರುತ್ತೇವೆ.

ಪಂತದ ಮೊತ್ತ ನಿಗದಿಯಾಗಿರುವ ‘ಲಿಮಿಟ್ ಪೋಕರ್’ನಲ್ಲಿಯೂ ಇದೇ ಆಮಿಷ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಆ ಆಟದ ಇಬ್ಬರ ರೂಪವನ್ನು ಗಣಕದಿಂದ ಬಹುಮಟ್ಟಿಗೆ ಬಿಡಿಸಿಟ್ಟರು. ಮೊದಲು ಆಡುವ ಸರದಿ ಬಂದಾಗ ಆ ಗಣಕವು ಎಲೆ ಮಡಚುತ್ತದೆ ಇಲ್ಲವೇ ಪಂತ ಏರಿಸುತ್ತದೆ. ಸುಮ್ಮನೆ ಅಗ್ಗದ ಮೊತ್ತ ಕೊಟ್ಟು “ನೋಡೋಣ” ಎನ್ನುವುದು ತೀರಾ ಅಪರೂಪ.

ರಮ್ಮಿ ಪ್ರಧಾನವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತು. ಎಲೆ ಹಿಡಿಯುವುದಕ್ಕೂ ಬಿಡುವುದಕ್ಕೂ ಕೌಶಲ ಬೇಕೆಂಬುದು ಅದಕ್ಕೆ ಕೊಟ್ಟ ಒಂದು ಕಾರಣ. ಇಡೀ ಕೈಯನ್ನೇ ಬಿಡುವುದು ಎಲ್ಲಕ್ಕಿಂತ ದೊಡ್ಡ ಕೌಶಲವೆಂದು ನನ್ನ ಮತ. ಅದನ್ನು ತರಗತಿಯಲ್ಲಿ ನಾನು ಹೇಳಿಕೊಡಲಿಲ್ಲ. ಮೂವತ್ತು ವರ್ಷ ನಿಮಗೆ ಹೇಳಿದ್ದು ಒಂದೇ ಮಾತು: ಪ್ರಯತ್ನ ಬಿಡಬೇಡಿ. ಆ ಹುಡುಗನೂ ಅದನ್ನೇ ಪಾಲಿಸಿದ್ದ.

ಅವನಿಗೆ ಅರ್ಧ ತಪ್ಪು ನಿನ್ನದು ಎಂದೆ. ಉಳಿದರ್ಧವೆಂದರೆ, ಪ್ರತಿ ಆಟದಿಂದಲೂ ಪಾಲು ಕತ್ತರಿಸಿಕೊಳ್ಳುವ ಮೇಜಿನಲ್ಲಿ ಕುಳಿತದ್ದು. ಅಲ್ಲಿ ಸರಿಯಾಗಿ ಮಡಚಿದವನೂ ನಿಧಾನವಾಗಿ ಸೋಲಬಹುದು. ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಅವನ ಬಳೆಗಳ ಮಟ್ಟಿಗೆ ಅದು ತಡವಾಗಿಯೇ ಬಂತು.

ಮೊನ್ನೆ ಭಾನುವಾರ ನಾನು ಸತತ ಮೂರು ಸಲ ಸ್ಕೂಟ್ ಮಾಡಿದೆ. ಗೆಳೆಯರು ಹೇಡಿ ಎಂದು ನಕ್ಕು, ಮಂಡಕ್ಕಿ ಕಲಸುವ ಕೆಲಸವನ್ನು ನನ್ನ ಪಾಲಿಗೆ ಹಾಕಿದರು.