ಶಕುನಿಯ ವಿಧೇಯತೆ

ವ್ಯಾಸಭಾರತದಲ್ಲಿ ಎಲ್ಲಿಯೂ ಕಾಣದಿದ್ದರೂ ಜನಪದರ ಬಾಯಲ್ಲಿ ಬಹುಕಾಲದಿಂದ ನೆಲೆನಿಂತಿರುವ ಕಥೆಯೊಂದರ ಪ್ರಕಾರ, ಗಾಂಧಾರರಾಜ ಸುಬಲನನ್ನೂ ಅವನ ಮಕ್ಕಳನ್ನೂ ಕೌರವರು ಸೆರೆಯಲ್ಲಿಟ್ಟು, ದಿನಕ್ಕೆ ತಲೆಗೊಂದು ಅಗುಳಿನಂತೆ ಅನ್ನವಿಕ್ಕಿ ಕೊಲ್ಲಹೊರಟಾಗ, ಎಲ್ಲರ ಪಾಲಿನ ಅಗುಳನ್ನೂ ಒಬ್ಬನೇ ಉಂಡು ಬದುಕಿ ಉಳಿದವನು ಶಕುನಿ. ತಂದೆಯ ಅಸ್ಥಿಯಿಂದ ದಾಳಗಳನ್ನು ಮಾಡಿಕೊಂಡು, ತನ್ನ ಕುಲವನ್ನು ನುಂಗಿದ ಮನೆಯಲ್ಲಿಯೇ ನಗುಮುಖದ ಮಾವನಾಗಿ, ದುರ್ಯೋಧನನ ಮಾತಿಗೆಲ್ಲ ಹೂಂಗುಟ್ಟುತ್ತ ಕಾಲ ನೂಕಿದ ಈತನ ವಿನಯವನ್ನು ಬರಿಯ ಕಪಟವೆಂದು ತೆಗೆದುಹಾಕುವುದು ನನಗೆ ಸಮ್ಮತವಲ್ಲ. ಶಸ್ತ್ರವೂ ಆಪ್ತರೂ ಇಲ್ಲದ ಸೆರೆಯಾಳಿಗೆ ತಲೆಬಾಗುವುದೊಂದೇ ಉಳಿದ ಆಯುಧ, ಮತ್ತು ದರ್ಪಿಷ್ಠನಾದ ಒಡೆಯನು ಬಾಗಿದ ತಲೆಯನ್ನು ಕಂಡೊಡನೆ ಅದರೊಳಗಿನ ಆಲೋಚನೆಯನ್ನು ವಿಚಾರಿಸುವ ಗೋಜಿಗೆ ಹೋಗುವವನಲ್ಲ.

ಮೂಲಕಾವ್ಯದ ಶಕುನಿಯಾದರೋ ಬೇರೆಯೇ. ಅಲ್ಲಿ ಸುಬಲನು ರಾಜಸೂಯಕ್ಕೆ ಬರುತ್ತಾನೆ. ಸೋದರರು ಕುರುಕ್ಷೇತ್ರದಲ್ಲಿ ಕಾದಿ ಮಡಿಯುತ್ತಾರೆ. ಘೋಷಯಾತ್ರೆಯ ಅವಮಾನದಿಂದ ಪ್ರಾಯೋಪವೇಶಕ್ಕೆ ಕುಳಿತ ಅಳಿಯನಿಗೆ, ಪಾಂಡವರ ರಾಜ್ಯವನ್ನು ಹಿಂದಿರುಗಿಸೆಂದು ಬುದ್ಧಿ ಹೇಳುವವನೂ ಈತನೇ. ಹಾಗಿದ್ದರೂ ಜನಪದರು ಸೆರೆಮನೆಯೊಂದನ್ನು ಕಲ್ಪಿಸಿಕೊಂಡುದೇಕೆ? ಇಷ್ಟು ದೀರ್ಘವಾದ ದ್ವೇಷಕ್ಕೆ ಗಾಯವೊಂದಿರಲೇಬೇಕೆಂಬ ಅವರ ಊಹೆಯು, ಖಳನನ್ನು ಹುಟ್ಟುಖಳನೆಂದು ಒಪ್ಪಿ ಕೈತೊಳೆದುಕೊಳ್ಳುವ ಸೋಮಾರಿತನಕ್ಕಿಂತ ಎಷ್ಟೋ ಮೇಲು. ಆದರೆ ಆ ಗಾಯವನ್ನೇ ಮುಂದಿಟ್ಟು ಅವನನ್ನು ದೋಷಮುಕ್ತನೆಂದು ಸಾರುವ ಅತಿಸಹಾನುಭೂತಿಯೂ ನನಗೆ ಹಿಡಿಸದು. ಉಳಿಯುವುದಕ್ಕಾಗಿ ತೊಟ್ಟ ಸೋಗು ಗೆಲ್ಲುವುದಕ್ಕೆ ಬಳಕೆಯಾದಂದು, ಗಾಂಧಾರರ ಸೆರೆಗೂ ಸಾವಿಗೂ ಯಾವ ಸಂಬಂಧವೂ ಇಲ್ಲದ ದ್ರೌಪದಿಯನ್ನು ಪಣಕ್ಕಿಡೆಂದು ಯುಧಿಷ್ಠಿರನಿಗೆ ಸೂಚಿಸಿದವನು ಅವನೇ.