ಕಡಿವಾಣ

ಕಳೆದ ಸೋಮವಾರ ಆರನೆಯ ಇಯತ್ತೆಯ ಮಕ್ಕಳಿಂದ ದಿನಪತ್ರಿಕೆ ಓದಿಸುತ್ತಿದ್ದೆ. ‘ಬೆಲೆಯೇರಿಕೆಗೆ ಕಡಿವಾಣ’ ಎಂಬ ತಲೆಬರಹ ಬಂದಿತು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ಗುರುಗಳ, ಕಡಿವಾಣ ಅಂದರ ಏನ್ರಿ?” ಎಂದು ಕೇಳಿದಳು. ‘ಹತೋಟಿ’ ಎಂದು ಅರ್ಥ ಹೇಳಿ ಮುಂದಿನ ಸಾಲಿಗೆ ಸಾಗಬಹುದಿತ್ತು. ಇಪ್ಪತ್ತಾರು ವರ್ಷ ಹಾಗೆಯೇ ಸಾಗಿದ್ದೇನೆ. ಆದರೆ ಅಂದು ಶಾಲೆಯ ಹಿಂದಿನ ಬೇವಿನ ಮರದ ನೆರಳಿನಲ್ಲಿ ನನ್ನ ಕುದುರೆ ನಿಂತಿತ್ತು. ಹೊರಗೆ ಹೋಗಿ ಅದರ ಮುಖದಿಂದ ಲಗಾಮನ್ನು ಇಳಿಸಿ ತಂದು ಮೇಜಿನ ಮೇಲಿಟ್ಟೆ.

ಬಾಯೊಳಗೆ ಕೂಡುವ ಕಬ್ಬಿಣದ ಸರಳೇ ಕಡಿವಾಣ. ಅದರ ಎರಡು ತುದಿಯ ಬಳೆಗಳಿಂದ ಸವಾರನ ಕೈಯವರೆಗೆ ಬರುವ ತೊಗಲಿನ ಬಾರು ಲಗಾಮು. ಕುದುರೆಯ ಮುಂಬಾಯಿಯ ಬಾಚಿಹಲ್ಲುಗಳಿಗೂ ಹಿಂದಿನ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಂದು ತೆರಪು ಇರುತ್ತದೆ. ಕಬ್ಬಿಣ ಕೂಡುವುದು ಅಲ್ಲಿ, ಬರಿಯ ವಸಡಿನ ಮೇಲೆ, ನಾಲಿಗೆಗೆ ಅಡ್ಡವಾಗಿ. ಇದನ್ನು ಕೇಳಿದ ಒಬ್ಬ ಹುಡುಗ ತನ್ನ ಬಾಯಿಗೆ ಬೆರಳಿಟ್ಟು ವಸಡನ್ನು ಒತ್ತಿಕೊಂಡು, “ಅದಕ್ಕ ನೋಯಂಗಿಲ್ಲೇನ್ರಿ?” ಎಂದನು. ನಾನು ಕೂಡಲೇ ಉತ್ತರ ಹೇಳಲಾರದೆ ಹೋದೆ. ಈ ವಾರದ ಅಂಕಣವನ್ನು ಆ ಹುಡುಗನಿಗೆಂದೇ ಬರೆಯುತ್ತಿದ್ದೇನೆ.

ನಮ್ಮ ಜತ್ತ ತಾಲ್ಲೂಕಿನ ಮೂಡಣ ಭಾಗದ ಮನೆಗಳಿಗೆ ಕುದುರೆ ಹೊಸತಲ್ಲ. ಕುರಿ ಹಿಂಡನ್ನು ಹೊಡೆದುಕೊಂಡು ಊರೂರು ತಿರುಗುವ ಹಟ್ಟಿಕಾರರ ಗುಂಪಿನ ಹಿಂದೆ ಮೈತುಂಬ ಹೇರು ಹೊತ್ತ ಗಿಡ್ಡ ಕುದುರೆಗಳು ನಡೆಯುವುದನ್ನು ಎಲ್ಲರೂ ಕಂಡಿದ್ದೇವೆ. ಕಂಬಳಿ, ಪಾತ್ರೆ, ಬಲೆ, ಕೋಳಿ, ಆಗತಾನೆ ಹುಟ್ಟಿದ ಕುರಿಮರಿ, ಕೆಲವೊಮ್ಮೆ ಮನೆಯ ಕೂಸು ಕೂಡ ಆ ಹೇರಿನ ಮೇಲೆಯೇ ಕುಳಿತಿರುತ್ತದೆ. ಭೀಮಥಡಿ ಎಂದು ಹೆಸರಾದ ದಖ್ಖನಿನ ತಳಿ ಇದೇ. ಭೀಮಾ ತೀರದ್ದು, ಮರಾಠರ ದಂಡಿನಲ್ಲಿ ಓಡಿದ್ದು. ಇಂಥ ಒಂದು ಕುಟುಂಬದಿಂದ ಎರಡು ವರ್ಷಗಳ ಹಿಂದೆ ನಾನು ಒಂದು ಹೆಣ್ಣು ಕುದುರೆಯನ್ನು ಕೊಂಡೆ. ಹಲ್ಲು ನೋಡಿ ಆರು ವರ್ಷವೆಂದರು. ಹೆಗಲಿನ ಎತ್ತರ 130 ಸೆಂಟಿಮೀಟರ್. ಮನೆಯಾಕೆ ಅದಕ್ಕೆ ಗಂಗಿ ಎಂದು ಹೆಸರಿಟ್ಟಳು. ಗಂಗಿಗೆ ನೀರೆಂದರೆ ಭಯವೆಂಬುದು ಹೆಸರಿಟ್ಟ ಮೇಲೆ ತಿಳಿಯಿತು.

‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆ ಎಷ್ಟು ನಿಜವೆಂಬುದನ್ನು ಆ ದಿನಗಳಲ್ಲಿ ಅರಿತೆ. ಓಣಿಯ ಹುಡುಗರಿಗೆಲ್ಲ ಒಮ್ಮೆಲೇ ಕಾಲುನೋವು ಬಂದಿತು. ಹಿರಿಯರು ಮಾತ್ರ, “ಈ ಕಾಲದಾಗ ಕುದುರಿ ಯಾಕ್ರಿ ಮಾಸ್ತರ, ಒಂದು ಸೆಕೆಂಡ್ ಹ್ಯಾಂಡ್ ಗಾಡಿ ತಗೋಬಾರದ?” ಎಂದು ಕೇಳಿದರು. ಮನೆಯಿಂದ ಶಾಲೆಗೆ ನಾಲ್ಕು ಕಿಲೋಮೀಟರ್. ನಡುವೆ ಒಂದು ಹಳ್ಳ. ಅವರ ಪ್ರಶ್ನೆಗೆ ಲೆಕ್ಕದ ಉತ್ತರ ನನ್ನಲ್ಲಿಲ್ಲ. ಗಾಡಿಯನ್ನು ಗೋಡೆಗೆ ಆನಿಸಿ ಮರೆತುಬಿಡಬಹುದು. ಕುದುರೆಯನ್ನು ಒಂದು ಹೊತ್ತೂ ಮರೆಯುವಂತಿಲ್ಲ.

ಬೆಳಗಿನ ಐದು ಗಂಟೆಗೆ ಎದ್ದು ಮೊದಲು ನೋಡುವುದು ಲದ್ದಿಯನ್ನು. ನಗಬೇಡಿರಿ. ಉಂಡೆಯುಂಡೆಯಾಗಿ ಬಿದ್ದು ನೆಲಕ್ಕೆ ತಾಗಿ ಒಡೆಯುವಂತಿದ್ದರೆ ಮನಸ್ಸು ನಿರಾಳ. ರಾತ್ರಿ ಲದ್ದಿಯೇ ಬಿದ್ದಿಲ್ಲ, ಕುದುರೆ ತನ್ನ ಪಕ್ಕೆಯನ್ನು ತಿರುತಿರುಗಿ ನೋಡಿಕೊಳ್ಳುತ್ತಿದೆ, ಮಲಗುತ್ತಿದೆ, ಏಳುತ್ತಿದೆ ಎಂದರೆ ಹೊಟ್ಟೆಶೂಲೆ. ತಡಮಾಡದೆ ಪಶುವೈದ್ಯರನ್ನು ಕರೆಯಬೇಕು. ಕುದುರೆ ವಾಂತಿ ಮಾಡಲಾರದು. ಒಳಗೆ ಹೋದುದು ಕರುಳಿನ ಉದ್ದಕ್ಕೂ ಸಾಗಿಯೇ ಹೊರಬರಬೇಕು. ದೊಡ್ಡ ಮೈಗೆ ಅದರ ಜಠರ ತೀರ ಚಿಕ್ಕದು. ಎಮ್ಮೆಗೆ ಇಟ್ಟಂತೆ ಎರಡು ಹೊತ್ತು ರಾಶಿ ಹಾಕಿದರೆ ನಡೆಯದು. ಸ್ವಲ್ಪ ಸ್ವಲ್ಪವಾಗಿ ದಿನವಿಡೀ ಮೇಯುತ್ತಿರಬೇಕು. ಒಣ ಹುಲ್ಲು, ಜೋಳದ ಕಣಿಕೆ, ಹಿಡಿಯಷ್ಟು ನೆನೆಸಿದ ಹುರುಳಿ. ನಮ್ಮ ರೈತರು ಆಕಳಿಗೆಂದು ಬೆಳೆಯುವ ಸೊಪ್ಪಿಗೆ ‘ಕುದುರೆ ಮಸಾಲೆ’ ಎಂಬ ಹೆಸರು ಹೇಗೆ ಬಂದಿತೆಂಬುದನ್ನು ಗಂಗಿಯ ಮುಂದೆ ಒಂದು ಸಿವುಡು ಹಾಕಿದ ದಿನ ಕಂಡೆ. ನೀರು ದಿನಕ್ಕೆ 25 ಲೀಟರಿಗೂ ಮೇಲೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಟ್ಯಾಂಕರಿನ ದಾರಿ ಕಾಯುವ ನಮ್ಮ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಆಮೇಲೆ ನಾಲ್ಕೂ ಗೊರಸುಗಳನ್ನು ಎತ್ತಿ ಹರಳು, ಮುಳ್ಳು, ಸಗಣಿಗಳನ್ನು ಕೆರೆದು ತೆಗೆಯಬೇಕು. ಆರರಿಂದ ಎಂಟು ವಾರಕ್ಕೊಮ್ಮೆ ನಾಲಬಂದನು ಬಂದು ಬೆಳೆದ ಗೊರಸನ್ನು ಕತ್ತರಿಸಿ ಅರ ಹಾಕಬೇಕು. ಇಡೀ ತಾಲ್ಲೂಕಿನಲ್ಲಿ ಆ ಕಸುಬು ಬಲ್ಲವರನ್ನು ಹುಡುಕಿ ತರುವುದೇ ಒಂದು ಯಾತ್ರೆ. ಸವಾರನ ತೂಕವೂ ಲೆಕ್ಕಕ್ಕೆ ಬರುತ್ತದೆ. ಜೀನು ಸಹಿತ ಹೊರೆಯು ಕುದುರೆಯ ತೂಕದ ಐದನೆಯ ಒಂದು ಪಾಲನ್ನು ಮೀರಬಾರದೆಂದು ತಿಳಿದವರು ಹೇಳುತ್ತಾರೆ. ಗಂಗಿ ಸುಮಾರು 300 ಕಿಲೋ, ನಾನು 54, ಜೀನು 5. ಎರಡು ದೀಪಾವಳಿಯಿಂದ ನಾನು ಕರಚಿಕಾಯಿಯನ್ನು ಮುಟ್ಟಿಲ್ಲ.

ಹೇರು ಹೊತ್ತ ಕುದುರೆಗೆ ಮನುಷ್ಯನನ್ನು ಹೊರುವುದೇನು ಕಷ್ಟ ಎಂದು ಎಣಿಸಿದ್ದೆ. ಹೇರು ಸುಮ್ಮನೆ ಕುಳಿತಿರುತ್ತದೆ. ಮನುಷ್ಯನು ಮಾತ್ರ ಅಲುಗುತ್ತಾನೆ, ವಾಲುತ್ತಾನೆ, ಎಳೆಯುತ್ತಾನೆ, ಒದೆಯುತ್ತಾನೆ. ಮೊದಲ ಎರಡು ತಿಂಗಳು ನಾನು ಏರಲೇ ಇಲ್ಲ. ಎದೆಯ ಮೇಲೆ ಎರಡು ಬೆರಳಿಟ್ಟು ಹಗುರವಾಗಿ ಒತ್ತುವುದು. ಅದು ಹಿಂದಕ್ಕೆ ಒಂದಿಷ್ಟು ಭಾರ ಬಿಟ್ಟ ಕ್ಷಣವೇ ಬೆರಳು ತೆಗೆಯುವುದು. ಕಣದಲ್ಲಿ ಉದ್ದ ಹಗ್ಗ ಹಿಡಿದು ಸುತ್ತ ನಡೆಸುವುದು; ‘ಹೋ’ ಎಂದಾಗ ನಿಂತರೆ ಹಗ್ಗ ಸಡಿಲಿಸುವುದು. ಅನಂತರ ಖಾಲಿ ಚೀಲ, ಬಳಿಕ ಜೀನು, ಅದಾದ ಮೇಲೆ ಬೆನ್ನಿನ ಮೇಲೆ ಬೋರಲಾಗಿ ಒರಗಿ ಇಳಿಯುವುದು. ಏರಿ ಕುಳಿತ ಮೊದಲ ದಿನ ಎಣಿಸಿ ಹತ್ತು ಹೆಜ್ಜೆ ನಡೆಸಿ ಇಳಿದೆ. ಆರು ತಿಂಗಳಿಗೆ ನಡಿಗೆಯಿಂದ ಕುಕ್ಕುಲೋಟಕ್ಕೆ ಬಂದೆವು. ಮಳೆಗಾಲಕ್ಕೆ ಮೊದಲು ಒಣಗಿದ ಹಳ್ಳವನ್ನು ದಾಟಿ ಶಾಲೆಗೂ ಹೋಗತೊಡಗಿದೆವು. ನನಗೆ ಸವಾರಿ ಬಂದಿತೆಂದು ನನ್ನ ತಿಳಿವಳಿಕೆ.

ಹೋದ ವರ್ಷ ಹಸ್ತದ ಮಳೆ ಬಿದ್ದ ಮರುದಿನ ಹಳ್ಳದಲ್ಲಿ ಮೊಣಕಾಲುದ್ದ ಕೆಂಪು ನೀರು ಹರಿಯುತ್ತಿತ್ತು. ಅಂದು ಶಾಲೆಯಲ್ಲಿ ತಪಾಸಣೆ. ಗಡಿಯಾರ ನನ್ನ ಬೆನ್ನು ಹತ್ತಿತ್ತು. ಗಂಗಿ ನೀರಿನ ಅಂಚಿಗೆ ಬಂದು ನಿಂತಿತು. ಹಿಮ್ಮಡಿಯಿಂದ ಒತ್ತಿದೆ. ಒಂದು ಹೆಜ್ಜೆ ಪಕ್ಕಕ್ಕೆ ಹೋಯಿತು. ಎಲ್ಲಿ ತಿರುಗಿಬಿಡುವುದೋ ಎಂದು ಲಗಾಮನ್ನು ಬಿಗಿಹಿಡಿದೆ, ಹಿಡಿದುಕೊಂಡೇ ಮತ್ತೆ ಒದ್ದೆ. ಕೊನೆಗೆ ಪಕ್ಕದ ಜಾಲಿಯ ಟೊಂಗೆಯನ್ನು ಮುರಿದು ಹೊಡೆದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬರೆಯದಿದ್ದರೆ ಆ ಹುಡುಗನ ಪ್ರಶ್ನೆಗೆ ಉತ್ತರವಾಗದು. ಗಂಗಿ ಮುಂಗಾಲೆತ್ತಿ ನಿಂತಿತು. ನಾನು ಕಲ್ಲಿನ ಮೇಲೆ ಬಿದ್ದು ಎಡಗೈಯ ಮಣಿಕಟ್ಟಿನ ಎಲುಬು ಮುರಿಯಿತು. ಕುದುರೆ ಒಂಟಿಯಾಗಿ ಮನೆಗೆ ಓಡಿತು; ಬರಿಯ ಜೀನನ್ನು ಕಂಡ ಮನೆಯಾಕೆ ಎದೆ ಬಡಿದುಕೊಂಡು ಹಳ್ಳದವರೆಗೆ ಓಡಿ ಬಂದಳು. ಕುದುರೆಯ ತುಟಿಯ ಕೊನೆಯಲ್ಲಿ ರಕ್ತವಿತ್ತೆಂದು ಆಕೆಯೇ ಹೇಳಿದಳು. ಕಬ್ಬಿಣ ವಸಡನ್ನೂ ಕೊರೆದಿತ್ತು.

ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಮನೆಯಲ್ಲಿ ಕುಳಿತ ಆರು ವಾರ ಗಂಗಿ ನನ್ನನ್ನು ಹತ್ತಿರ ಬರಗೊಡಲಿಲ್ಲ. ಬಲಗೈಯಲ್ಲಿ ಲಗಾಮು ಕಂಡರೆ ಸಾಕು, ಕಿವಿಗಳನ್ನು ಹಿಂದಕ್ಕೆ ಮಡಿಸಿ ಮುಖ ಮೇಲೆತ್ತುತ್ತಿತ್ತು. ಮಾರಿಬಿಡಿರೆಂದು ಮಗ ಪುಣೆಯಿಂದ ಫೋನು ಮಾಡಿದ. ಮದುವೆಯ ಮೆರವಣಿಗೆಗೆ ಕುದುರೆ ಒದಗಿಸುವವನೊಬ್ಬನು ಬಂದು, ನಾನು ಕೊಟ್ಟುದಕ್ಕಿಂತ ಹೆಚ್ಚು ಬೆಲೆ ಹೇಳಿದನು. ಡಿಜೆಯ ಅಬ್ಬರದಲ್ಲಿ, ಪಟಾಕಿಯ ಹೊಗೆಯಲ್ಲಿ ಗಂಗಿಯನ್ನು ನೆನೆದೆ. ಎರಡು ದಿನ ಕಾಲಾವಕಾಶ ಕೇಳಿದೆ. ಬೇಡವೆಂದು ಹೇಳುವ ಧೈರ್ಯವೂ ಆಗ ನನ್ನಲ್ಲಿರಲಿಲ್ಲ. ಮುರಿದ ಕೈ, ಏರುತ್ತಿದ್ದ ಮೇವಿನ ದರ, ಎರಡೂ ಕಣ್ಣ ಮುಂದಿದ್ದವು.

ಎರಡನೆಯ ದಿನ ಸಂಜೆ, ಗಂಗಿಯನ್ನು ನನಗೆ ಮಾರಿದ್ದ ಹಟ್ಟಿಯ ಅಜ್ಜಿ ಹಿಂಡಿನೊಡನೆ ನಮ್ಮೂರ ಹಾದಿಯಲ್ಲಿ ಬಂದಳು. ಕುದುರೆಯ ಬಾಯಿ ನೋಡಿದಳು, ನನ್ನ ಕೈ ನೋಡಿದಳು. ನಡೆದುದೆಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. “ಮಾಸ್ತರ, ನೀವು ಕೇಳತೀರಿ, ಅದು ಕೊಡತದ. ಕೊಟ್ಟ ಮ್ಯಾಲೂ ನೀವು ಮತ್ತ ಕೇಳತೀರಿ. ನೀವು ಸುಮ್ಮಕಾಗೋದು ಯಾವಾಗ?” ಎಂದಳು. ಆಮೇಲೆ ಬರಿಯ ಹಗ್ಗ ಹಿಡಿದು ಗಂಗಿಯನ್ನು ಹಳ್ಳದ ಅಂಚಿಗೆ ನಡೆಸಿಕೊಂಡು ಹೋಗಿ ನಿಂತಳು. ಹಗ್ಗ ನೆಲಕ್ಕೆ ಜೋತುಬಿದ್ದಿತ್ತು. ಗಂಗಿ ತಲೆ ತಗ್ಗಿಸಿ ನೀರನ್ನು ಮೂಸಿತು. ಅಷ್ಟಕ್ಕೇ ಅಜ್ಜಿ ಅದರ ಕೊರಳು ತಟ್ಟಿ ಹಿಂದಕ್ಕೆ ಕರೆತಂದಳು. ದಾಟಿಸಲೇ ಇಲ್ಲ.

ಅವಳು ಮಾಡಿದುದರ ಕಾರಣ ನನಗೆ ಮೆಲ್ಲಮೆಲ್ಲನೆ ಹೊಳೆಯಿತು. ಕುದುರೆಯ ಕಣ್ಣುಗಳು ತಲೆಯ ಎರಡು ಬದಿಗಿವೆ. ಸುತ್ತಲಿನದೆಲ್ಲವೂ ಅದಕ್ಕೆ ಕಾಣುತ್ತದೆ. ಆದರೆ ಹಣೆಯ ನೇರ ಮುಂದಿನ ಚೂರು, ಮೂಗಿನ ಕೆಳಗಿನ ನೆಲ, ಬಾಲದ ಹಿಂದಿನ ಜಾಗ ಕಾಣುವುದಿಲ್ಲ. ಹತ್ತಿರದ ನೆಲವನ್ನು ನೋಡಲು ಅದು ತಲೆ ತಗ್ಗಿಸಲೇಬೇಕು. ನಾನು ಲಗಾಮು ಜಗ್ಗಿದಾಗ ಅದರ ತಲೆ ಮೇಲಕ್ಕೆದ್ದಿತ್ತು. ದಾಟು ಎಂದು ಹೊಡೆಯುತ್ತ, ದಾಟಬೇಕಾದುದು ಕಾಣದಂತೆ ನಾನೇ ಮಾಡಿದ್ದೆ. ಹಿಮ್ಮಡಿ ‘ಹೋಗು’ ಎನ್ನುತ್ತಿತ್ತು, ಕೈ ‘ನಿಲ್ಲು’ ಎನ್ನುತ್ತಿತ್ತು. ಇನ್ನು ವಸಡಿನ ನೋವು. ಕುದುರೆ ಪಾಠ ಕಲಿಯುವುದು ನಾವು ಎಳೆದಾಗ ಅಲ್ಲ, ಬಿಟ್ಟಾಗ. ಒತ್ತಡ ನಿಂತ ಆ ಗಳಿಗೆಯಲ್ಲಿ ತಾನು ಏನು ಮಾಡುತ್ತಿದ್ದೆನೋ ಅದೇ ಸರಿಯೆಂದು ಅದು ನೆನಪಿಟ್ಟುಕೊಳ್ಳುತ್ತದೆ. ಮುಂಗಾಲೆತ್ತಿ ನನ್ನನ್ನು ಕೆಡವಿದ ಕೂಡಲೇ ಬಾಯಿಯ ನೋವು ನಿಂತಿತ್ತು. ಅಂದು ನಾನು ಗಂಗಿಗೆ ಕಲಿಸಿದ ಪಾಠ ಅದೇ.

ಮೆರವಣಿಗೆಯವನಿಗೆ ಮರುದಿನ ಬೇಡವೆಂದೆ. ಕೈ ಕೂಡಿದ ಮೇಲೆ ಮತ್ತೆ ಎದೆಯ ಮೇಲಿನ ಎರಡು ಬೆರಳಿನಿಂದ ಆರಂಭಿಸಿದೆ. ಲಗಾಮನ್ನು ತೋರಿಸುವುದು, ಅದು ಮುಖ ತಿರುಗಿಸದೆ ನಿಂತರೆ ನಾನೇ ದೂರ ಸರಿಯುವುದು. ಕಡಿವಾಣವನ್ನು ಚಳಿಗಾಲದ ಬೆಳಗಿನಲ್ಲಿ ಅಂಗೈಯಲ್ಲಿ ಬೆಚ್ಚಗೆ ಮಾಡಿ ಬಾಯಿಗೆ ಹಿಡಿಯುವುದು. ದಿನವೂ ಸಂಜೆ ಹಳ್ಳಕ್ಕೆ ಹೋಗುವುದು, ಅದು ತಲೆ ತಗ್ಗಿಸಿದರೆ ಹಿಂದಿರುಗುವುದು. ಇಷ್ಟರಲ್ಲಿ ಪುಷ್ಯ ಬಂದಿತು. ಹಳ್ಳದ ನೀರು ಗೆಣ್ಣಿನವರೆಗೆ ಇಳಿಯಿತು.

ಮಕ್ಕಳಿಗೆ ಇದನ್ನೆಲ್ಲ ಇಷ್ಟು ಉದ್ದಕ್ಕೆ ಹೇಳಲಿಲ್ಲ. ಪಂಢರಪುರದ ವಾರಿಯ ರಿಂಗಣವನ್ನು ಟಿವಿಯಲ್ಲಿ ನೋಡಿದವರು ಎಷ್ಟು ಮಂದಿ ಎಂದು ಕೇಳಿದೆ. ಎಲ್ಲರೂ ಕೈ ಎತ್ತಿದರು. ಜ್ಞಾನೇಶ್ವರರ ಪಾಲಕಿಯೊಡನೆ ಓಡುವ ಆ ಎರಡು ಕುದುರೆಗಳು ಚಿಕ್ಕೋಡಿ ತಾಲ್ಲೂಕಿನ ಅಂಕಲಿಯವು, ಶಿತೋಳೆ ಮನೆತನದವು, ಪ್ರತಿ ವರ್ಷ ಅಲ್ಲಿಂದ ಆಳಂದಿಗೆ ನಡೆದು ಹೋಗುತ್ತವೆ ಎಂದಾಗ ಕಣ್ಣರಳಿಸಿದರು. ಒಂದರ ಮೇಲೆ ಸವಾರನಿದ್ದಾನೆ. ಇನ್ನೊಂದರ ಬೆನ್ನು ಮಾವುಲಿಗೆ ಮೀಸಲು, ಅದರ ಮೇಲೆ ಯಾರೂ ಕೂಡುವುದಿಲ್ಲ. ಸಾವಿರಾರು ಜನರ ನಡುವೆ ಅದು ಎಳೆಯುವ ಕೈಯಿಲ್ಲದೆ ಸುತ್ತು ಓಡುತ್ತದೆ. ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆ ಸವಾರಿಗೆಂದೇ ಒಂದು ಭಾಗವಿದೆಯೆಂದೂ, ಅಭಿನವಚಂದ್ರನು ಸುಮಾರು 1400ರಲ್ಲಿ ಕನ್ನಡದಲ್ಲಿಯೇ ಅಶ್ವವೈದ್ಯವನ್ನು ಬರೆದನೆಂದೂ ಹೇಳಿದೆ. ಇಷ್ಟೆಲ್ಲ ಇದ್ದ ಭಾಷೆಯಲ್ಲಿ ಕಡಿವಾಣ, ಲಗಾಮು, ನಾಗಾಲೋಟಗಳು ಈಗ ಪತ್ರಿಕೆಯ ತಲೆಬರಹಗಳಲ್ಲಿ ಮಾತ್ರ ಉಳಿದಿವೆ. ಬೆಲೆಗೆ ಕಡಿವಾಣ, ಭ್ರಷ್ಟಾಚಾರಕ್ಕೆ ಕಡಿವಾಣ. ಹಾಕುವ ಸುದ್ದಿಯೇ ಎಲ್ಲ.

ಆ ಹುಡುಗನು ಬಿಡಲಿಲ್ಲ. “ನೋಯತದೋ ಇಲ್ಲೋ, ಅದನ್ನ ಹೇಳ್ರಿ” ಎಂದನು. ಬೇವಿನ ಮರದ ಕೆಳಗೆ ಎಲ್ಲರನ್ನೂ ಕರೆದೊಯ್ದೆ. ಹಿಂದೆ ನಿಲ್ಲಬಾರದೆಂದು ಹೇಳಿ ಗಂಗಿಯ ಎಡ ಹೆಗಲಿನ ಬಳಿ ಸಾಲಾಗಿ ನಿಲ್ಲಿಸಿದೆ. ಅವನ ಕಿರುಬೆರಳಿಗೆ ಲಗಾಮಿನ ಒಂದು ತುದಿಯನ್ನು ಸುತ್ತಿ, ಇನ್ನೊಂದನ್ನು ನಾನು ಹಿಡಿದು ಮೊದಲು ಜಗ್ಗಿದೆ, ಅನಂತರ ಕೇವಲ ಬೆರಳುಗಳನ್ನು ಮುಚ್ಚಿ ತೆರೆದೆ. “ಎರಡನೇದ್ದೂ ತಿಳೀತು,” ಎಂದನು, “ನೋವಾಗಲಿಲ್ಲ.” ಗಂಗಿಗೂ ಅಷ್ಟೇ ತಿಳಿಯುತ್ತದೆ ಎಂದೆ. ಬಳಿಕ ಗಂಗಿಯ ತುಟಿಯ ಕೊನೆಯಲ್ಲಿ ಉಳಿದ ಬಿಳಿಯ ಗುರುತನ್ನು ಅವನೇ ಕಂಡುಹಿಡಿದು ಇದೇನೆಂದು ಕೇಳಿದನು. ನನ್ನಿಂದ ಆದುದೆಂದು ಹೇಳಿದೆ.

ಗಂಗಿ ಹಳ್ಳ ದಾಟಿದುದು ಈ ಸೋಮವಾರಕ್ಕೆ ಹನ್ನೊಂದು ದಿನ ಹಿಂದೆ. ನಾನು ಹೇಳಲೂ ಇಲ್ಲ. ಲಗಾಮನ್ನು ಅದರ ಕೊರಳ ಮೇಲೆ ಬಿಟ್ಟು ಕುಳಿತಿದ್ದೆ. ತಲೆ ತಗ್ಗಿಸಿ ಮೂಸಿತು, ಒಂದು ಕಾಲಿಟ್ಟಿತು, ತೆಗೆಯಿತು, ಮತ್ತೆ ಇಟ್ಟಿತು. ನಡು ಹಳ್ಳಕ್ಕೆ ಹೋಗಿ ನಿಂತು ನೀರು ಕುಡಿಯತೊಡಗಿತು. ಪ್ರಾರ್ಥನೆಯ ಗಂಟೆ ದೂರದಿಂದ ಕೇಳಿಸಿತು. ಕುಡಿದು ಮುಗಿಯುವವರೆಗೆ ಕಾದೆ. ಅಂದಿನ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಹತ್ತು ನಿಮಿಷ ತಡವೆಂದು ಬರೆದಿದೆ.