ದೊಡ್ಡ ಟರ್ಬೊ ಹಾಕ್ಸಿ ಅನ್ನೋ ಮಹಾನುಭಾವರಿಗೆ

ನಮ್ಮ ಆಫೀಸಿನ ಕೆಫೆಟೇರಿಯಾದಲ್ಲಿ ಒಮ್ಮೆ ಪಿಕಪ್ ಗಾಡಿಯ ಮಾತು ತೆಗೆದು ನೋಡಿ. ಘಾಟಿಯಲ್ಲಿ ಲೋಡ್ ಗಾಡಿಯ ಹಿಂದೆ ಸಿಕ್ಕಿಕೊಂಡು ಹಾರ್ನ್ ಹೊಡೆದದ್ದು ಬಿಟ್ಟರೆ ಅದರ ಜೊತೆ ಬೇರೆ ಸಂಬಂಧವೇ ಇಲ್ಲದವರೂ ಸಲಹೆ ಕೊಡೋಕೆ ರೆಡಿ. "ಎಳೀತಿಲ್ವಾ? ಟರ್ಬೊ ಚೇಂಜ್ ಮಾಡ್ಸು ಗುರು. ಒಂದು ಸೈಜ್ ದೊಡ್ಡದು ಹಾಕ್ಸು, ರೀಮ್ಯಾಪ್ ಹೊಡ್ಸು, ರಾಕೆಟ್ ಆಗುತ್ತೆ."

ರಾಕೆಟ್ ಯಾರಿಗೆ ಬೇಕು ಸ್ವಾಮಿ? ನನ್ನ ತಮ್ಮನ ಪಿಕಪ್ ಸಕಲೇಶಪುರದ ಕಡೆಯಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತೆ. ಹೋಗುವಾಗ ತರಕಾರಿ. ಬರುವಾಗ ಹಂಚು, ಸಿಮೆಂಟು, ಸಿಕ್ಕಿದ್ದು. ಎರಡೂವರೆ ಲೀಟರಿನ ನಾಲ್ಕು ಸಿಲಿಂಡರ್ ಡೀಸೆಲ್ ಇಂಜಿನ್, ಬೆನ್ನ ಮೇಲೆ ಒಂದೂವರೆ ಟನ್. ಘಾಟಿ ಹತ್ತುವಾಗ ಆ ಗಾಡಿ ಬದುಕೋದು 1,500ರಿಂದ 2,200 ಆರ್‌ಪಿಎಂ ಒಳಗೆ, ಎರಡನೇ ಮೂರನೇ ಗೇರಿನಲ್ಲಿ. ಅಲ್ಲಿ ಎಳೆದರೆ ಆ ತಿಂಗಳ ಕಂತು ಕಟ್ಟಬಹುದು, ಎಳೆಯದಿದ್ದರೆ ಇಲ್ಲ. 4,000 ಆರ್‌ಪಿಎಂನಲ್ಲಿ ಅದೆಷ್ಟು ಕುದುರೆ ಹುಟ್ಟಿದರೂ ಅವನಿಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ.

ಟರ್ಬೊ ಅಂದ್ರೆ ಮಂತ್ರದ ಪೆಟ್ಟಿಗೆ ಅಲ್ಲ. ಒಂದೇ ಶಾಫ್ಟಿನ ಒಂದು ತುದಿಗೆ ಟರ್ಬೈನ್ ಚಕ್ರ, ಇನ್ನೊಂದು ತುದಿಗೆ ಕಂಪ್ರೆಸರ್ ಚಕ್ರ. ಸೈಲೆನ್ಸರಿಗೆ ಹೋಗೋ ಬಿಸಿ ಹೊಗೆ ಟರ್ಬೈನನ್ನು ತಿರುಗಿಸುತ್ತೆ, ಕಂಪ್ರೆಸರ್ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದ. ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಆ ಶಾಫ್ಟು ನಿಂತಿರೋದು ಕೂದಲಿಗಿಂತ ತೆಳುವಾದ ಎಣ್ಣೆಯ ಪದರದ ಮೇಲೆ. ಈ ಎಣ್ಣೆ ವಿಷಯ ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತೆ.

ಈಗ ಲೆಕ್ಕ. ನಾವೆಲ್ಲ ಬಿಇ ಮಾಡಿದೋರು ತಾನೆ? ನಾಲ್ಕು ಸ್ಟ್ರೋಕಿನ ಎರಡೂವರೆ ಲೀಟರ್ ಇಂಜಿನ್ ಒಂದು ಸುತ್ತಿಗೆ ಸುಮಾರು ಒಂದೂಕಾಲು ಲೀಟರ್ ಗಾಳಿ ಎಳೆಯುತ್ತೆ. 1,600 ಆರ್‌ಪಿಎಂಗೆ ನಿಮಿಷಕ್ಕೆ 2,000 ಲೀಟರ್, 3,200ಕ್ಕೆ 4,000. ಸಿಲಿಂಡರ್ ಪೂರ್ತಿ ತುಂಬಲ್ಲ ಅಂತ ನೂರಕ್ಕೆ ಹದಿನೈದು ಕಳೆಯಿರಿ. ಒತ್ತಡವನ್ನು ಎರಡರಷ್ಟು ಮಾಡಿದರೆ, ಇಂಟರ್‌ಕೂಲರ್ ತಣಿಸಿದ ಮೇಲೆ, 3,200ರಲ್ಲಿ ನಿಮಿಷಕ್ಕೆ ಹೆಚ್ಚುಕಮ್ಮಿ 7 ಕೆಜಿ ಗಾಳಿ. 1,600ರಲ್ಲಿ ಅದರ ಅರ್ಧ. ಮ್ಯಾಚಿಂಗ್ ಅನ್ನೋದು ಇಷ್ಟೇ: ಈ ಎರಡೂ ಬಿಂದುಗಳು ಕಂಪ್ರೆಸರಿನ ನಕ್ಷೆಯ ಒಳಗೆ ಬೀಳಬೇಕು. ಆ ನಕ್ಷೆಯ ಎಡಗಡೆ ಒಂದು ಗೆರೆ ಇದೆ, ಅದನ್ನು ದಾಟಿದರೆ ಒತ್ತಿದ ಗಾಳಿ ಮುಂದಕ್ಕೆ ಹೋಗಲಾರದೆ ವಾಪಸ್ ಹೊಡೆಯುತ್ತೆ. ಅದಕ್ಕೆ ಸರ್ಜ್ ಅಂತಾರೆ. ಬಲಗಡೆ ದಾಟಿದರೆ ಉಸಿರು ಕಟ್ಟಿ, ಚಕ್ರ ಮಿತಿ ಮೀರಿ ತಿರುಗುತ್ತೆ. ವಿಡಿಯೋಗಳಲ್ಲಿ ನೀವು 'ಸಖತ್ ಸೌಂಡು' ಅಂತ ಲೈಕ್ ಒತ್ತೋ ಆ ಪಟಪಟ ಸದ್ದು ಎಷ್ಟೋ ಸಲ ಸರ್ಜ್‌ನದ್ದೇ. ಶಾಫ್ಟಿನ ಥ್ರಸ್ಟ್ ಬೇರಿಂಗ್ ಒದೆ ತಿನ್ನೋ ಸದ್ದು ಅದು.

ಇನ್ನೊಂದು ತಮಾಷೆ ಕೇಳಿ. ಮಂಗಳೂರಿನ ಸಮುದ್ರ ಮಟ್ಟದಲ್ಲಿ ಗೇಜ್ 1 ಬಾರ್ ಬೂಸ್ಟ್ ತೋರಿಸಿದರೆ ಕಂಪ್ರೆಸರ್ ಗಾಳಿಯನ್ನು ಎರಡು ಪಟ್ಟು ಒತ್ತಿದೆ ಅಂತ ಅರ್ಥ. ಸಕಲೇಶಪುರದ ಎತ್ತರದಲ್ಲಿ ಹೊರಗಿನ ಒತ್ತಡವೇ ಸುಮಾರು 0.9 ಬಾರ್. ಅಲ್ಲೂ ಗೇಜ್ 1 ಅಂತಲೇ ತೋರಿಸಬೇಕಾದರೆ 2.1 ಪಟ್ಟು ಒತ್ತಬೇಕು. ಅದೇ ಮುಳ್ಳು, ಅದೇ ನಂಬರು, ಕೆಲಸ ಜಾಸ್ತಿ. ಗೇಜ್ ನೋಡಿ ಟರ್ಬೊ ಆರಿಸೋದು ಅಂದ್ರೆ ಫೋಟೋ ನೋಡಿ ಎತ್ತು ಕೊಂಡ ಹಾಗೆ.

ಎತ್ತು ಅಂದಾಗ ನೆನಪಾಯ್ತು. ಜೋಡಿ ಕಟ್ಟುವಾಗ ನಮ್ಮಪ್ಪ ಎತ್ತರ ನೋಡ್ತಿದ್ರು, ನಡಿಗೆ ನೋಡ್ತಿದ್ರು, ಸಂತೆಯಲ್ಲಿ ಅತ್ತಿತ್ತ ಹತ್ತು ಹೆಜ್ಜೆ ನಡೆಸಿ ನೋಡ್ತಿದ್ರು. ಒಂದು ಕಡೆ ಕುಳ್ಳ ಎತ್ತು, ಇನ್ನೊಂದು ಕಡೆ ದೈತ್ಯ ಹಳ್ಳಿಕಾರ್ ಕಟ್ಟಿ 'ಪವರ್ ಜಾಸ್ತಿ ಆಯ್ತು' ಅಂದಿದ್ರೆ ಊರೇ ನಗ್ತಿತ್ತು. ಆ ಮನುಷ್ಯ ಓದಿದ್ದು ನಾಲ್ಕನೇ ಕ್ಲಾಸು.

ಅವರ ಮಗ ಬಿಇ ಏನು ಮಾಡಿದ ಗೊತ್ತಾ? ಟೈಟಲ್ಲಿನ ಮಹಾನುಭಾವ ನಾನೇ.

ತಮ್ಮನ ಗಾಡಿಯ ಟರ್ಬೊ ಸೈರನ್ ಥರ ಕೂಗಿ, ನೀಲಿ ಹೊಗೆ ಬಿಟ್ಟು ಸತ್ತಾಗ ನಾನು ಬೆಂಗಳೂರಲ್ಲಿ ಎರಡು ರಾತ್ರಿ ಅಮೆರಿಕದ ವಿಡಿಯೋ ನೋಡಿ ತಜ್ಞನಾಗಿದ್ದೆ. ಹೇಗೂ ಬದಲಿಸ್ತಿದ್ದೀಯ, ದೊಡ್ಡದೇ ಹಾಕ್ಸು, ದುಡ್ಡು ನಾನು ಕೊಡ್ತೀನಿ ಅಂದೆ. ಹಳೇ ಪಾರ್ಟ್ಸ್ ಅಂಗಡಿಯವನು ನಾಲ್ಕು ಲೀಟರಿನ ಹತ್ತಿರದ ಇಂಜಿನ್ನಿನದೊಂದು ಟರ್ಬೊ ಎತ್ತಿ ತೋರಿಸಿ, "ಒಂದು ಅಡಾಪ್ಟರ್ ಪ್ಲೇಟ್ ಹೊಡೆದ್ರೆ ಕೂರುತ್ತೆ ಸಾರ್" ಅಂದ. ಕೂತಿತು ಕೂಡ. ಕೂರೋದು ಬೇರೆ, ಹೊಂದೋದು ಬೇರೆ ಅಂತ ನನಗೆ ಹೊಳೆಯಲಿಲ್ಲ.

ಫಲಿತಾಂಶ: ಘಾಟಿಯಲ್ಲಿ 2,500 ಆರ್‌ಪಿಎಂ ದಾಟೋವರೆಗೆ ಬೂಸ್ಟೇ ಇಲ್ಲ. ಲೋಡ್ ಇರುವಾಗ ಅಲ್ಲಿಗೆ ತಲುಪೋಕೆ ಬೂಸ್ಟ್ ಬೇಕು, ಬೂಸ್ಟ್ ಬರೋಕೆ ಅಲ್ಲಿಗೆ ತಲುಪಬೇಕು. ಹುಚ್ಚು ಬಿಡದೆ ಮದುವೆ ಇಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ಫಸ್ಟ್ ಗೇರು, ಕ್ಲಚ್ ಸುಟ್ಟ ವಾಸನೆ, ಹಿಂದೆ ಕಪ್ಪು ಹೊಗೆ. ಗಾಳಿ ಸಾಲದೆ ಡೀಸೆಲ್ ಅರ್ಧ ಉರಿದು ಮಸಿಯಾಗ್ತಿತ್ತು. ಅವನದು ಬಿಎಸ್4 ಕಾಲದ ಗಾಡಿ, ಹೊಗೆ ಹೊರಗಾದರೂ ಹೋಯ್ತು. ಈಗಿನ ಬಿಎಸ್6 ಡೀಸೆಲ್ ಆಗಿದ್ದರೆ ಆ ಮಸಿಯೆಲ್ಲ ಪಾರ್ಟಿಕ್ಯುಲೇಟ್ ಫಿಲ್ಟರಿಗೆ ತುಂಬಿ ಗಾಡಿ ಲಿಂಪ್ ಮೋಡಿಗೆ ಹೋಗ್ತಿತ್ತು. ಜೊತೆಗೆ, ಅನುಮತಿಯಿಲ್ಲದೆ ಗಾಡಿಯ ಮೂಲ ಸ್ವರೂಪ ಬದಲಿಸೋದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತೆ. ಅಪಘಾತವಾದ ದಿನ ಇನ್ಶೂರೆನ್ಸಿನವರು ಅದನ್ನೇ ಹಿಡ್ಕೊಂಡ್ರೆ ರೀಮ್ಯಾಪ್ ಮಾಡಿಕೊಟ್ಟವನು ಫೋನ್ ಎತ್ತಲ್ಲ.

ಮೂರನೇ ವಾರಕ್ಕೆ ಆ ದೊಡ್ಡ ಟರ್ಬೊನೂ ಸತ್ತಿತು.

ಆಗ ತಮ್ಮ ನನ್ನನ್ನು ಕೇಳೋದು ಬಿಟ್ಟು ಹಾಸನದಲ್ಲಿ ಒಬ್ಬ ಹಳೇ ಮೇಸ್ತ್ರಿ ಹತ್ತಿರ ಗಾಡಿ ಎಳೆಸಿಕೊಂಡು ಹೋದ. ವೀಕೆಂಡ್ ಅಂತ ನಾನೂ ಹೋಗಿದ್ದೆ. ಅವರು ಟರ್ಬೊ ಮುಟ್ಟಲೇ ಇಲ್ಲ. ಅದಕ್ಕೆ ಎಣ್ಣೆ ತರೋ ಸಣ್ಣ ಪೈಪನ್ನು ಬಿಚ್ಚಿ, ಒರೆಸಿ, ನನ್ನ ಕೈಗೆ ಕೊಟ್ಟು "ಊದಿ" ಅಂದ್ರು. ಊದಿದೆ. ಕೆನ್ನೆ ಉಬ್ಬಿತೇ ಹೊರತು ಗಾಳಿ ಆಚೆ ಹೋಗಲಿಲ್ಲ. ಒಳಗೆಲ್ಲ ಇದ್ದಿಲು ಕಟ್ಟಿತ್ತು. ಮೊದಲ ಟರ್ಬೊ ಕೊಂದ ಪೈಪನ್ನೇ ಎರಡನೆಯದಕ್ಕೂ ಜೋಡಿಸಿದ್ದೆವು. ಆಫೀಸಲ್ಲಿ ಲಾಗ್ ನೋಡದೆ ಸರ್ವರ್ ರೀಸ್ಟಾರ್ಟ್ ಮಾಡಿದ ಜೂನಿಯರ್ ಹುಡುಗನಿಗೆ ನಾನು ಅರ್ಧ ಗಂಟೆ ಭಾಷಣ ಮಾಡಿದ್ದೆ, ಅದೇ ತಿಂಗಳು.

ಇದ್ದಿಲು ಎಲ್ಲಿಂದ ಬಂತು? ಲೋಡಿನಲ್ಲಿ ಘಾಟಿ ಹತ್ತಿ ಬಂದಾಗ ಟರ್ಬೈನ್ ಕಡೆ ಕೆಂಡದಂತೆ ಕಾದಿರುತ್ತೆ. ಟೀ ಅಂಗಡಿ ಮುಂದೆ ನಿಲ್ಲಿಸಿದ ತಕ್ಷಣ ಕೀ ತಿರುಗಿಸಿದರೆ ಎಣ್ಣೆ ಹರಿಯೋದು ನಿಲ್ಲುತ್ತೆ, ಶಾಖ ನಿಲ್ಲಲ್ಲ, ನಿಂತ ಎಣ್ಣೆ ಅಲ್ಲೇ ಕರಕಲಾಗುತ್ತೆ. "ಈ ಡ್ರೈವರ್‌ಗಳಿಗೆ ಬುದ್ಧಿ ಇಲ್ಲ" ಅನ್ನೋಕೆ ಬಾಯಿ ತೆರೆದವರು ಸ್ವಲ್ಪ ತಡೀರಿ. ತಮ್ಮ ಆಫ್ ಮಾಡ್ತಿದ್ದದ್ದು ಡೀಸೆಲ್ ಉಳಿಸೋಕೆ. ಡೆಲಿವರಿ ದಿನ ಅವನ ಕೈಗೆ ಹಾರ ಕೊಟ್ರು, ಸ್ವೀಟ್ ಕೊಟ್ರು, ಫೋಟೋ ತೆಗೆದ್ರು. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡು ಅನ್ನೋ ಮಾತು ಮಾತ್ರ ಮ್ಯಾನುಯಲ್ಲಿನ ಒಳಗೆ ಇಂಗ್ಲಿಷಿನಲ್ಲಿ ಉಳಿದಿತ್ತು. ಗಾಡಿ ಮಾರೋಕೆ ಕನ್ನಡ ಬರುತ್ತೆ, ಗಾಡಿ ಉಳಿಸೋದು ಹೇಗೆ ಅಂತ ಹೇಳೋಕೆ ಬರಲ್ಲ.

ಮೇಸ್ತ್ರಿ ಹೊಸ ಎಣ್ಣೆ ಪೈಪ್, ಎಣ್ಣೆ, ಫಿಲ್ಟರ್ ಹಾಕಿದ್ರು. ವಾಪಸ್ ಹೋಗೋ ಪೈಪ್ ಮಡಚದೆ ನೇರ ಕೆಳಕ್ಕೆ ಇಳಿಯೋ ಹಾಗೆ ನೋಡಿದ್ರು. ಅಲ್ಲಿ ಸಿಲಿಕಾನ್ ಬಳಿಯೋಕೆ ಹೋದ ಹುಡುಗನಿಗೆ ಬೈದ್ರು, ಅದರ ಚೂರು ಒಳಗೆ ಹೋದ್ರೆ ಮತ್ತೆ ಅದೇ ಕಥೆ ಅಂತ. ಇಂಟರ್‌ಕೂಲರ್ ಬಿಚ್ಚಿ ಕವುಚಿದ್ರೆ ಒಂದು ಲೋಟದಷ್ಟು ಎಣ್ಣೆ ಸುರಿಯಿತು. ಅದು ಹಾಗೇ ಇದ್ದಿದ್ದರೆ ಇಂಜಿನ್ ಆ ಎಣ್ಣೆಯನ್ನೇ ಕುಡಿದು, ಕೀ ತೆಗೆದರೂ ನಿಲ್ಲದೆ ಕಿರುಚಿಕೊಂಡು ತಾನಾಗೇ ಛಿದ್ರವಾಗಬಹುದಿತ್ತು. ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಬೇಕಿಲ್ಲವಲ್ಲ, ಗಾಳಿ ಮತ್ತು ಉರಿಯೋ ವಸ್ತು ಸಾಕು. ಆಮೇಲೆ ಕಂಪನಿಯ ಪಾರ್ಟ್ ನಂಬರಿಗೆ ಅಕ್ಷರಕ್ಷರ ತಾಳೆಯಾಗೋ ಟರ್ಬೊ. ನೋಡೋಕೆ ಒಂದೇ ಥರ ಇರೋ ಎರಡು ಟರ್ಬೊಗಳಲ್ಲಿ ಚಕ್ರದ ಅಳತೆ, ಹೌಸಿಂಗಿನ ಎ/ಆರ್, ವೇಸ್ಟ್‌ಗೇಟ್ ಸೆಟ್ಟಿಂಗ್ ಎಲ್ಲ ಬೇರೆ ಇರಬಹುದು. ಶುರು ಮಾಡೋಕೆ ಮುಂಚೆ ಟರ್ಬೊ ಒಳಗೆ ಕೈಯಾರೆ ಎಣ್ಣೆ ಬಿಟ್ಟು, ಡೀಸೆಲ್ ಕಟ್ ಮಾಡಿ, ಬರೀ ಸ್ಟಾರ್ಟರ್‌ನಲ್ಲಿ ತಿರುಗಿಸಿದ್ರು.

ಹಾಗಾದ್ರೆ ಅಮೆರಿಕದವರು ಹಾಕಲ್ವಾ ಅಂತೀರಾ? ಹಾಕ್ತಾರೆ. ಅವರದು 6.7 ಲೀಟರಿನ ಕಮಿನ್ಸ್, ಆರು ಸಿಲಿಂಡರ್. ಅದರ ಮೇಲೂ ಬುದ್ಧಿ ಇರೋರು ದೊಡ್ಡದರ ಜೊತೆ ಚಿಕ್ಕದನ್ನೂ ಕೂಡಿಸ್ತಾರೆ, ಕೆಳಗಿನ ಆರ್‌ಪಿಎಂ ಸಾಯಬಾರದು ಅಂತ. ಇಂಜೆಕ್ಟರ್, ಹೆಡ್ ಸ್ಟಡ್, ಗೇರ್‌ಬಾಕ್ಸ್ ಎಲ್ಲ ಬದಲಿಸಿ ಆಮೇಲೆ ವಿಡಿಯೋ ಮಾಡ್ತಾರೆ. ನಾವು ಹನ್ನೆರಡು ನಿಮಿಷದ ವಿಡಿಯೋದ ಕೊನೇ ಎರಡು ನಿಮಿಷ ನೋಡ್ತೀವಿ. ಆ ಗಾಡಿ ಸೋಮವಾರ ಬೆಳಿಗ್ಗೆ ಕೋಸು ತುಂಬಿಕೊಂಡು ಮಾರ್ಕೆಟ್ಟಿಗೆ ಹೋಗಬೇಕಾಗಿಲ್ಲ ಅನ್ನೋದು ನಮಗೆ ಕಾಣಲ್ಲ.

ಎರಡೂ ಸಲ ಸೇರಿ ಗಾಡಿ ಒಂದು ತಿಂಗಳ ಹತ್ತಿರ ನಿಂತಿತ್ತು. ಅಷ್ಟರಲ್ಲಿ ಇಬ್ಬರು ಖಾಯಂ ಗಿರಾಕಿಗಳು ಬೇರೆ ಗಾಡಿ ಹಿಡಿದ್ರು, ಒಬ್ಬರು ಇನ್ನೂ ವಾಪಸ್ ಬಂದಿಲ್ಲ. ಟರ್ಬೊ ದುಡ್ಡನ್ನು ನಾನು ಕೊಟ್ಟೆ. ಆ ಗಿರಾಕಿಯನ್ನ ಕೊಡೋಕೆ ಆಗಲಿಲ್ಲ.

ಸತ್ತ ದೊಡ್ಡ ಟರ್ಬೊ ಊರಲ್ಲಿ ಅಟ್ಟದ ಮೇಲಿದೆ, ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ಕಾರ್ಟ್ರಿಡ್ಜ್ ಬದಲಿಸಿದ್ರೆ ಮತ್ತೆ ಓಡುತ್ತೆ. ಕೆಫೆಟೇರಿಯಾದ ಗೆಳೆಯರಿಗೆ ಬೇಕಿದ್ರೆ ಪುಕ್ಕಟೆ ಕೊಡ್ತೀನಿ. ಇಂಜಿನ್ ಎಷ್ಟು ಲೀಟರು, ಎಷ್ಟು ಆರ್‌ಪಿಎಂನಲ್ಲಿ ಎಷ್ಟು ಭಾರ ಎಳೀಬೇಕು, ನಿಮಿಷಕ್ಕೆ ಎಷ್ಟು ಕೆಜಿ ಗಾಳಿ, ಒಂದು ಚೀಟಿಯಲ್ಲಿ ಬರ್ಕೊಂಡು ಬನ್ನಿ.